ತಂಗಿದವರ ಮಂಗಳೂರು, ಹಾದುಹೋದವರ ಮಂಗಳೂರು

ದಸರೆಯ ರಜೆಗೆ ಘಟ್ಟವಿಳಿದು ಬರುವವರೆಲ್ಲರೂ ಕಡಲು ಎಷ್ಟು ದೂರವೆಂದು ಕೇಳುವರು. ಕೋಣೆಯನ್ನು ಯಾವ ಬೀದಿಯಲ್ಲಿ ಹಿಡಿಯಬೇಕೆಂದು ಕೇಳುವವರು ವಿರಳ. ಆದರೆ ಇದು ನೋಡಬಂದವರಿಗಾಗಿ ಬೆಳೆದ ಊರಲ್ಲ, ಕೆಲಸಕ್ಕೆ ಬಂದವರಿಗಾಗಿ ಬೆಳೆದ ಊರು. ಇಲ್ಲಿ ಎಲ್ಲಿ ಮಲಗುವಿರೋ ಅದನ್ನೇ ಅವಲಂಬಿಸಿದೆ, ಎದ್ದು ಏನನ್ನು ಕಾಣುವಿರೆಂಬುದು!

ನವರಾತ್ರಿಯ ಒಂದು ಬೆಳಗು. ಸೂರ್ಯೋದಯಕ್ಕೆ ಇನ್ನೂ ಹೊತ್ತಿರುವಾಗಲೇ, ರಾತ್ರಿಯೆಲ್ಲ ಶಿರಾಡಿಯ ತಿರುವುಗಳಲ್ಲಿ ಹೊರಳಿ ಬಂದ ಬೆಂಗಳೂರಿನ ಬಸ್ಸುಗಳು ಪಂಪ್‌ವೆಲ್ಲಿನಲ್ಲಿ, ಕಂಕನಾಡಿಯಲ್ಲಿ, ಜ್ಯೋತಿಯಲ್ಲಿ ಒಂದರ ಹಿಂದೊಂದು ನಿಂತು, ನಿದ್ದೆಗಣ್ಣಿನ ಮಂದಿಯನ್ನೂ ಅವರ ಗಂಟುಮೂಟೆಗಳನ್ನೂ ರಸ್ತೆಯ ಅಂಚಿಗೆ ಇಳಿಸಿ ಮುಂದಕ್ಕೆ ಸಾಗುತ್ತವೆ.

ಆ ಅಂಚಿನಲ್ಲಿ ನಿಂತವರನ್ನು ಒಮ್ಮೆ ನೋಡಬೇಕು. ಇನ್ನೂ ಪೂರ್ತಿ ಎಚ್ಚರವಾಗದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ಒಂದು ಸಂಸಾರ. ಎಕ್ಸ್‌ರೇ ಲಕೋಟೆಯನ್ನು ಎದೆಗವಚಿಕೊಂಡು ಮುದಿ ತಂದೆಯ ತೋಳು ಹಿಡಿದ ಮಲೆನಾಡಿನ ಮಗ. ಹಾಸ್ಟೆಲಿನ ಮಗಳಿಗೆಂದು ಉಪ್ಪಿನಕಾಯಿಯ ಭರಣಿ ಹೊತ್ತು ತಂದ ತಾಯಿ. ವಿಮಾನವೇರಿ ದುಬಾಯಿಗೆ ಹೊರಟ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯ ತರುಣ. ಇವರೆಲ್ಲರ ನಡುವೆ, ಮೈತುಂಬ ಹಳದಿ ಕಪ್ಪು ಪಟ್ಟೆಗಳನ್ನು ಬರೆಯಿಸಿಕೊಂಡು ರಾತ್ರಿಯಿಡೀ ಬಣ್ಣ ಒಣಗಲು ನಿಂತೇ ಕಳೆದ ಹುಲಿವೇಷದ ಹುಡುಗರು, ತಾಸೆ ಬಾರಿಸುವವರ ದಾರಿ ಕಾಯುತ್ತ ಚಹಾ ಕುಡಿಯುತ್ತಿದ್ದಾರೆ.

ಸಾಲಿನ ಮೊದಲ ಆಟೊದವನು ಎಲ್ಲರ ಮೇಲೂ ಸಮದೃಷ್ಟಿಯನ್ನು ಹಾಯಿಸಿ, ಮೊದಲು ತುಳುವಿನಲ್ಲಿ “ಓಡೆ ಪೋವೊಡು?” ಎಂದು ಕೇಳಿ, ಉತ್ತರ ಬಾರದಿರಲು ಕನ್ನಡಕ್ಕೆ ತಿರುಗಿ, “ಎಲ್ಲಿಗೆ ಸಾರ್, ಲಾಡ್ಜಿಗೋ ಆಸ್ಪತ್ರೆಗೋ?” ಎನ್ನುತ್ತಾನೆ.

ರಜೆಯ ಸುಖಕ್ಕೆಂದು ಬಂದವನಿಗೆ ಆ ಪ್ರಶ್ನೆ ಅಪಶಕುನದಂತೆ ಕೇಳಿಸಬಹುದು. ಆದರೆ ಆಟೊದವನಲ್ಲಿ ಅವಿನಯವೇನೂ ಇಲ್ಲ. ದಿನವೂ ಆ ಅಂಚಿನಲ್ಲಿ ಇಳಿಯುವವರನ್ನು ಕಂಡ ಅನುಭವದಿಂದ ಆತ ಮಾತನಾಡುತ್ತಾನೆ, ಮತ್ತು ಆ ಅನುಭವದಲ್ಲಿ ಈ ಪಟ್ಟಣದ ಚರಿತ್ರೆಯ ಬಹುಭಾಗ ಅಡಗಿದೆ.

ಕೆಲಸಕ್ಕೆ ಬಂದವರ ಊರು

ಮೈಸೂರಿಗೆ ಅರಮನೆಯುಂಟು, ಹಂಪೆಗೆ ಹಾಳುಂಟು, ಮಡಿಕೇರಿಗೆ ಮಂಜುಂಟು. ಆ ಊರುಗಳಲ್ಲಿ ನೋಡಬಂದವನೇ ಮುಖ್ಯ ಅತಿಥಿ. ಮಂಗಳೂರಾದರೋ ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲನ್ನು ಸೇರುವಲ್ಲಿ ಬಂದರಾಗಿ ಹುಟ್ಟಿ, ಹಂಚು, ಗೋಡಂಬಿ, ಕಾಫಿ, ಮೀನುಗಳ ವ್ಯಾಪಾರದಿಂದ ಬೆಳೆದು, 1906ರಲ್ಲಿ ಕೆನರಾ ಬ್ಯಾಂಕಿಗೂ 1924ರಲ್ಲಿ ಕರ್ಣಾಟಕ ಬ್ಯಾಂಕಿಗೂ ಜನ್ಮವಿತ್ತು, ಕಾಲೇಜು ಆಸ್ಪತ್ರೆಗಳಿಂದ ಬಲಿತ ಪಟ್ಟಣ. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಯಾವುದೋ ಕಾರ್ಯಾರ್ಥವಾಗಿ ಬಂದವರು. ಕಾರ್ಯ ಮುಗಿಯುವವರೆಗೆ ನಿಂತವರು.

ಹಾಗೆ ನಿಂತವರಲ್ಲಿ ಕೆಲವರು ಬಹಳ ದಿನ ನಿಂತರು. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯದ ಮಹ್ದಿಯದಿಂದ ಹೊರಟು ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಸುಮಾರು 1132ರಿಂದ 1149ರವರೆಗೆ ಈ ತೀರದಲ್ಲಿಯೇ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿ, ಇಲ್ಲಿಯವಳೇ ಆದ ಆಶು ಎಂಬವಳೊಡನೆ ಸಂಸಾರ ಹೂಡಿದನು. ಆತನ ವ್ಯವಹಾರದ ಕಾಗದಪತ್ರಗಳು ಕೈರೋ ನಗರದ ಹಳೆಯ ಯೆಹೂದಿ ಮಂದಿರವೊಂದರ ಕಾಗದದ ರಾಶಿಯಲ್ಲಿ ಉಳಿದು ಬಂದುದರಿಂದಲೇ, ಆತನೂ ಆತನ ಸೇವಕನಾದ ಬೊಮ್ಮನೂ ಎಂಟು ಶತಮಾನಗಳ ಬಳಿಕ ಅಮಿತಾವ್ ಘೋಷರ ಗ್ರಂಥದಲ್ಲಿ ಪುನರ್ಜನ್ಮ ಪಡೆದರು.

ಹದಿನಾಲ್ಕನೆಯ ಶತಮಾನದಲ್ಲಿ ಈ ರೇವಿಗೆ ಬಂದ ಇಬ್ನ್ ಬತೂತನು, ಪರ್ಷಿಯದ ಫಾರ್ಸಿನಿಂದಲೂ ಯೆಮನಿನಿಂದಲೂ ವರ್ತಕರು ಇಲ್ಲಿ ಬಂದಿಳಿಯುವರೆಂದೂ, ಮೆಣಸು ಶುಂಠಿಗಳು ಇಲ್ಲಿ ಧಾರಾಳವೆಂದೂ, ಊರ ಹೊರಗಿನ ಕೇರಿಯೊಂದರಲ್ಲಿ ಸುಮಾರು 4,000 ಮಂದಿ ಮುಸಲ್ಮಾನರು ವಾಸಿಸುವರೆಂದೂ ಬರೆದಿಟ್ಟನು. ಇಂದಿನ ಬಂದರ್ ಪೇಟೆಯ ಗೋದಾಮುಗಳ ನಡುವೆ ಮರದ ಕೆತ್ತನೆಯ ಕಂಬಗಳ ಮೇಲೆ ನಿಂತಿರುವ ಝೀನತ್ ಬಕ್ಷ್ ಮಸೀದಿಯನ್ನು ಕಂಡವನಿಗೆ, ಆ ವರ್ತಕರ ಸಂತತಿಯ ಭಕ್ತಿಯೂ ಸಂಪತ್ತೂ ಒಟ್ಟಿಗೆ ಗೋಚರವಾಗುವುವು.

ಇನ್ನೊಂದು ಮಾತು. ಪ್ರವಾಸಿಗಳ ಕೈಪಿಡಿಗಳಲ್ಲಿ ‘ನೋಡತಕ್ಕವು’ ಎಂದು ಪಟ್ಟಿಯಾಗಿರುವವುಗಳಲ್ಲಿ ಹಲವು, ಹೀಗೆ ಕೆಲಸಕ್ಕೆ ಬಂದು ತಂಗಿದವರು ಬಿಟ್ಟುಹೋದವುಗಳೇ. ಬಾವುಟಗುಡ್ಡದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಅಂತೋನಿಯೊ ಮೊಸ್ಕೇನಿ ಇಟಲಿಯಿಂದ ಬಂದು, 1899ರಿಂದ 1901ರವರೆಗೆ ಇಲ್ಲಿ ತಂಗಿ ಚಿತ್ರ ಬರೆದನು. 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ನಿನವರು ಮುದ್ರಣಾಲಯ ತೆರೆದು, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಹಾಕಿ, ಒಂದು ಪ್ರಾಂತ್ಯದ ಓದಿಗೂ ಸೂರಿಗೂ ಹೊಸ ರೂಪವನ್ನು ಕೊಟ್ಟರು. ಕುದ್ರೋಳಿಯ ಗೋಕರ್ಣನಾಥ ದೇವಾಲಯ ಕೇರಳದಿಂದ ಬಂದ ನಾರಾಯಣ ಗುರುಗಳಿಂದ 1912ರಲ್ಲಿ ಪ್ರತಿಷ್ಠಿತವಾದುದು. ಬರುವವರನ್ನು ಬರಮಾಡಿಕೊಂಡೇ ಈ ಊರು ತನ್ನ ಅಲಂಕಾರವನ್ನು ಗಳಿಸಿತು.

> 1623ರ ಪ್ರವಾಸಿ
> ವ್ಯಾಪಾರ, ಮತಪ್ರಚಾರ, ಯುದ್ಧ ಇವಾವುದೂ ಇಲ್ಲದೆ ಕೇವಲ ನೋಡುವುದಕ್ಕಾಗಿ ಮಂಗಳೂರಿಗೆ ಬಂದ ಹಳಬರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲೆ ಒಬ್ಬನು. ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಹೋಗಿ, ಬಳಿಕ ಕರಾವಳಿಗಿಳಿದು ಈ ಊರನ್ನು ಸೇರಿದನು. ಉಳ್ಳಾಲದ ರಾಣಿಯನ್ನು ಕಾಣುವ ಕುತೂಹಲದಿಂದ ಹೊರಟವನಿಗೆ, ಆಕೆ ಸಿಂಹಾಸನದ ಮೇಲಲ್ಲ, ಕೆಲಸದ ಮೇಲ್ವಿಚಾರಣೆಗೆಂದು ಕಾಲ್ನಡಿಗೆಯಲ್ಲಿ ಹೊರಟಿರುವಾಗ ದಾರಿಯಲ್ಲಿಯೇ ಸಿಕ್ಕಳು. ಕದ್ರಿಗೂ ಹೋಗಿ ಜೋಗಿಗಳ ಒಡೆಯನನ್ನು ಕಂಡು ಬಂದನು. ಇಂದಿನ ನಗರದರ್ಶನದ ಎರಡು ಮುಖ್ಯ ತಾಣಗಳನ್ನು ಆತ ನಾನ್ನೂರು ವರ್ಷಗಳ ಹಿಂದೆಯೇ ಮುಗಿಸಿದ್ದನು.

ನಾಡಿಗೆಲ್ಲ ಹೋಟೆಲು ಕೊಟ್ಟವರ ಮನೆಯಲ್ಲಿ

ಅವಿಭಜಿತ ದಕ್ಷಿಣ ಕನ್ನಡದವರು ಪರಸ್ಥಳಗಳಲ್ಲಿ ಹೋಟೆಲು ಕಟ್ಟಿದ ಕಥೆ ಎಲ್ಲರಿಗೂ ತಿಳಿದದ್ದೇ. ಕೆ. ಕೃಷ್ಣರಾಯರು 1930ರ ದಶಕದ ಕೊನೆಗೆ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನು ತೆರೆದು, ಊಟದೊಡನೆ ಮರ್ಯಾದೆಯ ವಸತಿಯನ್ನೂ ಒದಗಿಸಿದರು. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿ, ಮನೆಬಿಟ್ಟು ದುಡಿಯುವ ಸಾವಿರಾರು ಮಂದಿಗೆ ಬಾಳೆಲೆಯ ಊಟವನ್ನು ಉಣ್ಣಿಸಿದರು.

ಇಷ್ಟೊಂದು ಊರುಗಳಲ್ಲಿ ಅತಿಥಿಸತ್ಕಾರವನ್ನೇ ಜೀವನೋಪಾಯವಾಗಿ ಮಾಡಿಕೊಂಡವರ ತವರಿನಲ್ಲಿ, ಹೋಟೆಲಿನ ವೈಭವ ಕಣ್ಣು ಕೋರೈಸುವಂತಿರಬೇಕೆಂದು ಎಣಿಸಿ ಬಂದವನಿಗೆ ಸ್ವಲ್ಪ ನಿರಾಶೆಯೇ ಕಾದಿರುವುದು. ನಕ್ಷತ್ರಗಳ ಲೆಕ್ಕದ ಹೋಟೆಲುಗಳು ಇಲ್ಲದಿಲ್ಲ. ಹೊಸವು ಏಳುತ್ತಲೂ ಇವೆ. ಆದರೆ ಊರಿನ ನಿಜವಾದ ವಸತಿವ್ಯವಸ್ಥೆ ಇಂದಿಗೂ ಮೂರು ನಾಲ್ಕು ಅಂತಸ್ತಿನ, ಕೆಳಗೆ ಊಟದ ಹೋಟೆಲಿರುವ, ಆಡಂಬರವಿಲ್ಲದ ಲಾಡ್ಜುಗಳದ್ದು. ಸರಕು ಮಾರಲು ಬಂದವರು, ಕೋರ್ಟಿನ ಕಕ್ಷಿಗಾರರು, ಪರೀಕ್ಷೆಗೆ ಬಂದ ವಿದ್ಯಾರ್ಥಿಗಳು, ರೋಗಿಗಳ ಬಂಧುಗಳು ಇವರ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡ ಈ ಲಾಡ್ಜುಗಳಲ್ಲಿ, ಕಿಟಕಿಯಿಂದ ಕಾಣುವ ದೃಶ್ಯಕ್ಕಿಂತ ಬೆಳಗಿನ ಬಿಸಿನೀರಿಗೆ ಹೆಚ್ಚು ಬೆಲೆ.

ಆದ್ದರಿಂದ ಮಂಗಳೂರಿನಲ್ಲಿ ಕೋಣೆ ಆರಿಸುವುದೆಂದರೆ ಒಂದು ನೆರೆಹೊರೆಯನ್ನು ಆರಿಸಿದಂತೆ.

ಮೊದಲನೆಯದು ಹಂಪನಕಟ್ಟೆಯ ಸುತ್ತಲಿನದು. ಸೆಂಟ್ರಲ್ ರೈಲುನಿಲ್ದಾಣ, ಸಿಟಿ ಬಸ್ಸುಗಳ ತಂಗುದಾಣ, 1680ರಲ್ಲಿ ಸ್ಥಾಪಿತವಾದ ಮಿಲಾಗ್ರಿಸ್ ಇಗರ್ಜಿ, ಕೆ.ಎಸ್. ರಾವ್ ರಸ್ತೆಯ ಅಂಗಡಿಸಾಲು, ರಥಬೀದಿಗೆ ಇಳಿಯುವ ಓಣಿ, ಎಲ್ಲವೂ ಇಲ್ಲಿಂದ ಕಾಲಳತೆಯಲ್ಲಿವೆ. ಸದ್ದಿಗೆ ಅಂಜದವನು, ಹಗಲೆಲ್ಲ ಕೋಣೆಯ ಹೊರಗೇ ಕಳೆಯುವವನು, ಇಲ್ಲಿ ತಂಗಿದರೆ ವಾಹನದ ಚಿಂತೆಯಿಂದ ಮುಕ್ತನಾಗುವನು.

ಎರಡನೆಯದು ಅತ್ತಾವರ, ಫಳ್ನೀರು, ಕಂಕನಾಡಿಗಳ ಆಸ್ಪತ್ರೆಯ ಪಟ್ಟಿ. 1880ರಲ್ಲಿ ಫಾದರ್ ಮುಲ್ಲರ್ ಎಂಬ ಜೆಸುಯಿಟ್ ಪಾದ್ರಿ ಕಂಕನಾಡಿಯ ಆಲದ ಮರದಡಿಯಲ್ಲಿ ಹೋಮಿಯೋಪಥಿ ಗುಳಿಗೆಗಳನ್ನು ಹಂಚಲು ಕುಳಿತದ್ದು ಮೊದಲ್ಗೊಂಡು, 1953ರ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸ್ಥಾಪನೆಯನ್ನು ದಾಟಿ ಇಂದಿನವರೆಗೂ, ಕಾಸರಗೋಡಿನಿಂದಲೂ ಮಲೆನಾಡಿನಿಂದಲೂ ಉತ್ತರ ಕನ್ನಡದಿಂದಲೂ ರೋಗಿಗಳು ಈ ಕಡೆಗೆ ಹರಿದು ಬರುತ್ತಿದ್ದಾರೆ. ಇಲ್ಲಿನ ಲಾಡ್ಜುಗಳಲ್ಲಿ ವಾರಗಟ್ಟಲೆ ತಂಗಿದವರ ಒಗೆದ ಬಟ್ಟೆಗಳು ಪಡಸಾಲೆಯಲ್ಲಿ ಒಣಗುತ್ತಿರುವುದೂ, ಕೌಂಟರಿನವನು ಬಾಡಿಗೆಗಿಂತ ಮೊದಲು “ಈಗ ಹೇಗಿದ್ದಾರೆ?” ಎಂದು ವಿಚಾರಿಸುವುದೂ ಕಾಣಸಿಗುವುದು. ವಿನೋದಾರ್ಥವಾಗಿ ಬಂದವನಿಗೆ ಇಲ್ಲಿಯ ಗಾಂಭೀರ್ಯ ಒಗ್ಗಬೇಕೆಂದಿಲ್ಲ. ಆದರೆ ಅಗ್ಗವಾದ, ಶುಚಿಯಾದ ಕೋಣೆಗಳೂ, ನಸುಕಿನಲ್ಲೇ ಇಡ್ಲಿ ಹಬೆಯಾಡುವ ಹೋಟೆಲುಗಳೂ ಇಲ್ಲಿ ಸುಲಭ.

ಮೂರನೆಯದು ಬಿಜೈ, ಕದ್ರಿ, ಲಾಲ್‌ಬಾಗುಗಳ ಎತ್ತರದ ಭಾಗ. ಸರಕಾರಿ ಬಸ್ಸುಗಳ ನಿಲ್ದಾಣವಿರುವುದು ಬಿಜೈಯಲ್ಲಿ. 1960ರಲ್ಲಿ ತೆರೆದ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯವೂ ಆ ಕಡೆಗೇ. ಕದ್ರಿಯ ದೇವಾಲಯಕ್ಕೆ ಬೆಳಗ್ಗೆ ನಡೆದೇ ಹೋಗಬಹುದು. ಮಕ್ಕಳೊಡನೆ ಬಂದವರಿಗೂ ವೃದ್ಧರಿಗೂ ಇದು ಹಿತ.

ನಾಲ್ಕನೆಯದು ಕಡಲಂಚು. ಉಳ್ಳಾಲ, ಸೋಮೇಶ್ವರ, ಸುರತ್ಕಲ್, ಸಸಿಹಿತ್ಲುಗಳಲ್ಲಿ ಹೋಂಸ್ಟೇಗಳೂ ವಿಹಾರಧಾಮಗಳೂ ಇವೆ. ತೆರೆಗಳ ಘೋಷವನ್ನು ಕೇಳುತ್ತ ಮಲಗಬೇಕೆಂಬ ಆಸೆ ತಪ್ಪಲ್ಲ. ಆದರೆ ಅಲ್ಲಿ ತಂಗಿದವನು ಊರನ್ನು ನೋಡಲು ದಿನವೂ ಪ್ರಯಾಣ ಮಾಡಬೇಕು, ರಾತ್ರಿಯ ಕೊನೆಯ ಬಸ್ಸಿನ ಹೊತ್ತನ್ನು ಕೇಳಿಟ್ಟುಕೊಳ್ಳಬೇಕು. ಕಡಲು ಅವನಿಗೆ ಸಿಕ್ಕೀತು, ಮಂಗಳೂರು ಸಿಗಲಾರದು.

> ಕೋಣೆ ಹಿಡಿಯುವ ಮುನ್ನ
> • ಬಾಡಿಗೆಯ ಲೆಕ್ಕ ಬಂದ ಹೊತ್ತಿನಿಂದ 24 ಗಂಟೆಯದೋ ಅಥವಾ ಮಧ್ಯಾಹ್ನ 12ರಿಂದ 12ರದೋ ಎಂದು ಮೊದಲೇ ಕೇಳಿ. ರಾತ್ರಿ ಬಸ್ಸಿನಲ್ಲಿ ಬೆಳಗಿಗೆ ಇಳಿಯುವವರಿಗೆ 24 ಗಂಟೆಯ ಲೆಕ್ಕವೇ ಲಾಭ.
> • ಬಿಸಿನೀರು ದಿನವಿಡೀ ಉಂಟೋ, ಬೆಳಗಿನ ಹೊತ್ತಿಗೆ ಮಾತ್ರವೋ ಕೇಳಿ.
> • ಗುರುತಿನ ಚೀಟಿ ಪ್ರತಿಯೊಬ್ಬ ವಯಸ್ಕನದೂ ಕೈಯಲ್ಲಿರಲಿ.
> • 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಜಿಎಸ್‌ಟಿ ಶೇ. 5, ಹೇಳಿದ ದರದಲ್ಲಿ ಅದು ಸೇರಿದೆಯೇ ಎಂದು ವಿಚಾರಿಸಿ.

ಯಾವ ಬಾಗಿಲಿನಿಂದ ಪ್ರವೇಶ?

ಊರನ್ನು ಹೊಗುವ ಬಾಗಿಲುಗಳೂ ಒಂದಲ್ಲ. ಕಲ್ಲಿಕೋಟೆಯ ಕಡೆಯಿಂದ ರೈಲು 1907ರಲ್ಲಿ ಬಂದು ತಲುಪಿದ್ದು ಪೇಟೆಯ ನಡುವಿನ ಇಂದಿನ ಸೆಂಟ್ರಲ್ ನಿಲ್ದಾಣಕ್ಕೆ. ಅದು ಹಳಿಯ ಕೊನೆ. ಕೇರಳಕ್ಕೂ ಕೊಂಕಣಕ್ಕೂ ನಡುವೆ ಓಡುವ ದೂರದ ರೈಲುಗಳು ಅಲ್ಲಿಗೆ ಬರುವ ಗೋಜಿಲ್ಲದೆ, ಊರಿನ ಅಂಚಿನ ಮಂಗಳೂರು ಜಂಕ್ಷನ್ನಿನಲ್ಲಿ ನಿಂತು ಹಾದುಹೋಗುವುವು. ಟಿಕೇಟಿನ ಮೇಲೆ ಯಾವ ಹೆಸರಿದೆಯೆಂದು ನೋಡದೆ ಕೋಣೆ ಕಾದಿರಿಸಿದವನು, ಊರಿಗೆ ಬಂದ ಮೇಲೂ ಇನ್ನೊಂದು ಪ್ರಯಾಣಕ್ಕೆ ಸಿದ್ಧನಾಗಬೇಕು.

ಬೆಂಗಳೂರಿನಿಂದ ಹಗಲು ರೈಲಿನಲ್ಲಿ ಬರುವ ಸುಖ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದಲ್ಲಿ 57 ಸುರಂಗಗಳನ್ನು ಹೊಕ್ಕು ಹೊರಟು, ಕಣಿವೆಗಳ ಮೇಲೆ ತೂಗಿ ಬರುವ ಈ ದಾರಿಗೆ 2021ರಲ್ಲಿ ಗಾಜಿನ ಮಾಳಿಗೆಯ ಬೋಗಿಗಳೂ ಬಂದವು. ವಿಮಾನದವರಿಗೆ ಬಜಪೆಯ ಗುಡ್ಡದ ನೆತ್ತಿಯೇ ಬಾಗಿಲು. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರು ಡಕೋಟಾ ವಿಮಾನದಲ್ಲಿ ಬಂದಿಳಿದು ಆರಂಭಿಸಿದ ನಿಲ್ದಾಣವದು. ಚಳಿಗಾಲದಲ್ಲಿ ನವಮಂಗಳೂರು ಬಂದರಿಗೆ ಬರುವ ವಿಹಾರನೌಕೆಗಳ ಯಾತ್ರಿಕರು ಮಾತ್ರ ಲಾಡ್ಜಿನ ಹಂಗಿಲ್ಲದವರು. ಬೆಳಗ್ಗೆ ಇಳಿದು, ಪ್ರಾರ್ಥನಾಮಂದಿರ, ಕದ್ರಿ, ಗೋಡಂಬಿ ಕಾರ್ಖಾನೆಗಳನ್ನು ನೋಡಿ, ಸಂಜೆಗೆ ಹಡಗೇರುವರು.

ಸೀಟಿಯ ಸದ್ದಿಗೆ ಓಡುವ ಊರು

ಊರೊಳಗಿನ ಸಂಚಾರಕ್ಕೆ ಬಾಡಿಗೆ ಕಾರೇ ಗತಿಯೆಂದು ನಂಬಿ ಬಂದವರು, ಮಂಗಳೂರಿನ ಅತ್ಯಂತ ಸಜೀವವಾದ ಸಂಸ್ಥೆಯೊಂದನ್ನು ತಪ್ಪಿಸಿಕೊಳ್ಳುವರು. ಅದು ಖಾಸಗಿ ಸಿಟಿ ಬಸ್ಸು.

ರಾಜ್ಯದ ಬಹುತೇಕ ಪಟ್ಟಣಗಳಲ್ಲಿ ನಗರಸಂಚಾರ ಸರಕಾರದ ಕೈಯಲ್ಲಿರುವಾಗ, ಇಲ್ಲಿ ಮಾತ್ರ ಖಾಸಗಿಯವರ ಪಾರಮ್ಯ ಏಕೆಂಬ ಪ್ರಶ್ನೆಗೆ ಉತ್ತರ ಭೂಪಟದ ಇತಿಹಾಸದಲ್ಲಿದೆ. ಮೈಸೂರು ಸರಕಾರ 1948ರಲ್ಲಿ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿದಾಗ ದಕ್ಷಿಣ ಕನ್ನಡ ಮದ್ರಾಸಿನ ಆಡಳಿತದಲ್ಲಿತ್ತು. 1956ರ ನವೆಂಬರ್ 1ರಂದು ಈ ಜಿಲ್ಲೆ ಮೈಸೂರು ರಾಜ್ಯವನ್ನು ಸೇರುವ ವೇಳೆಗೆ, ಸಿ.ಪಿ.ಸಿ.ಯಂತಹ ಕಂಪನಿಗಳು ದಶಕಗಳಿಂದ ಬಸ್ಸು ಓಡಿಸಿ, ಹಳ್ಳಿಹಳ್ಳಿಯ ದಾರಿಗಳನ್ನೂ ಜನರ ವಿಶ್ವಾಸವನ್ನೂ ಗಳಿಸಿಕೊಂಡಿದ್ದವು. ಆ ಪದ್ಧತಿ ಅಳಿಯಲಿಲ್ಲ. 2023ರ ಜೂನ್ 11ರಂದು ಬಂದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸುಗಳಿಗಷ್ಟೇ ಅನ್ವಯವಾಗುವುದರಿಂದ, ಬೆಂಗಳೂರಿನ ಅಭ್ಯಾಸದಲ್ಲಿ ಆಧಾರ್ ಚೀಟಿಯನ್ನು ಮುಂದೆ ಹಿಡಿಯುವ ಅಕ್ಕಂದಿರಿಗೆ ಇಲ್ಲಿಯ ಕಂಡಕ್ಟರು ಮುಗುಳ್ನಕ್ಕು ಟಿಕೇಟು ಹರಿದುಕೊಡುವನು.

ಆ ಕಂಡಕ್ಟರನನ್ನು ನೋಡುವುದೇ ಒಂದು ವಿನೋದ. ಬಾಗಿಲ ಮೆಟ್ಟಿಲಿನಲ್ಲಿ ಅರ್ಧ ಶರೀರವನ್ನು ಗಾಳಿಗೆ ಬಿಟ್ಟು, “ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್” ಎಂದು ಒಂದೇ ಉಸಿರಿನಲ್ಲಿ ಕೂಗಿ, ಒಳಗಿನವರಿಗೆ “ದುಂಬು ಪೋಲೆ” ಎಂದು ಮುಂದೆ ಸರಿಯಲು ಆಜ್ಞಾಪಿಸಿ, ಬಾಯಲ್ಲಿ ಕಚ್ಚಿದ ಸೀಟಿಯನ್ನು ಒಮ್ಮೆ ಊದಿ ನಿಲ್ಲಿಸಿ, ಇನ್ನೊಮ್ಮೆ ಊದಿ ಹೊರಡಿಸುತ್ತಾನೆ. ಆತ ಕೂಗುವ ಸ್ಟೇಟ್‌ಬ್ಯಾಂಕು ಹಣ ಕಟ್ಟುವ ಸ್ಥಳವಲ್ಲ, ಬ್ಯಾಂಕಿನ ಸನಿಹದ ಬಸ್ ತಂಗುದಾಣ. ಸಿಟಿ ಬಸ್ಸುಗಳಲ್ಲಿ ಬಹುಪಾಲಿನ ಆದಿಯೂ ಅಂತ್ಯವೂ ಅಲ್ಲಿಯೇ. ಊರಿನ ಯಾವ ಮೂಲೆಯಲ್ಲಿ ದಾರಿ ತಪ್ಪಿದರೂ ಆ ಕೂಗು ಕೇಳಿದ ಬಸ್ಸನ್ನೇರಿದರೆ ನಡುಪೇಟೆಗೆ ಮರಳುವುದು ನಿಶ್ಚಯ. ಹೊಸಬನಿಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನಾವುದಿದೆ?

ಈ ಬಸ್ಸಿನಲ್ಲಿ ಒಂದು ಗಂಟೆ ಕುಳಿತವನು ಊರಿನ ಭಾಷೆಗಳನ್ನೆಲ್ಲ ಕೇಳುವನು. ಬುಟ್ಟಿಯನ್ನು ಮುಂದಿನ ಮೂಲೆಯಲ್ಲಿರಿಸಿದ ಮೀನು ಮಾರುವ ಹೆಂಗಸಿನ ತುಳು, ಇಗರ್ಜಿಯಿಂದ ಬಂದ ಬಾಯಮ್ಮನ ಕೊಂಕಣಿ, ಬಂದರಿನ ವ್ಯಾಪಾರಿಯ ಬ್ಯಾರಿ, ತಲಪಾಡಿಯಾಚೆಯಿಂದ ಬಂದ ವಿದ್ಯಾರ್ಥಿಯ ಮಲೆಯಾಳ, ಇವರೆಲ್ಲರೂ ಒಬ್ಬರೊಡನೊಬ್ಬರು ಬೇಕಾದಾಗ ಆಡುವ, ಪುಸ್ತಕದಷ್ಟೇ ಅಚ್ಚುಕಟ್ಟಾದ ಮಂಗಳೂರು ಕನ್ನಡ. ದಾರಿ ಕೇಳಿದರೆ “ಅಲ್ಲಿ ಇಳಿಯಿರಿ ಮಾರಾಯ್ರೆ, ಮತ್ತೆ ಎದುರಿಗೇ ಉಂಟು” ಎಂಬ ಉತ್ತರ, ಕೇಳದ ನಾಲ್ಕು ಮಂದಿಯಿಂದಲೂ ಬರುವುದು.

ಗುಡ್ಡ ಹತ್ತಿ, ಹೊಳೆ ದಾಟಿ

ಮುರಕಲ್ಲಿನ ಗುಡ್ಡಗಳ ಮೇಲೂ ಅವುಗಳ ನಡುವಿನ ತಗ್ಗುಗಳಲ್ಲಿಯೂ ಹರಡಿರುವ ಈ ಊರಿನಲ್ಲಿ ರಸ್ತೆಗಳು ನೇರವಾಗಿ ಹೋಗಲಾರವು. ಭೂಪಟದಲ್ಲಿ ಅಂಗುಲದಷ್ಟಿರುವ ದೂರ ಏರುದಾರಿಯಲ್ಲಿ ಬೆವರಿಳಿಸುವುದು. ಆದ್ದರಿಂದ ನಡಿಗೆಯ ಕೆಲಸವನ್ನೆಲ್ಲ ಬೆಳಗಿಗೂ ಸಂಜೆಗೂ ಇರಿಸಿ, ನಡುಹಗಲನ್ನು ಊಟಕ್ಕೂ ಫ್ಯಾನಿನ ಗಾಳಿಗೂ ಬಿಟ್ಟುಕೊಡುವುದು ಊರಿನವರ ಕ್ರಮ.

ಬೆಳಗ್ಗೆ ಹಂಪನಕಟ್ಟೆಯಿಂದ ಬಾವುಟಗುಡ್ಡವನ್ನು ಹತ್ತಿದರೆ ಮೊಸ್ಕೇನಿಯ ಚಿತ್ರಗಳ ಮುಂದೆ ನಿಲ್ಲಬಹುದು. ಗೋಡೆಗಳ ಮೇಲೆ ಹಸಿ ಗಾರೆಯ ಚಿತ್ರಗಳು, ಮಾಳಿಗೆಯಲ್ಲಿ ಬಟ್ಟೆಯ ಮೇಲಿನ ತೈಲವರ್ಣದವು. ಮಳೆಯೂ ಉಪ್ಪುಗಾಳಿಯೂ ಬಿಡುವಿಲ್ಲದೆ ಬಾಧಿಸುವ ಈ ತೀರದಲ್ಲಿ ಅವು ಶತಮಾನವನ್ನು ದಾಟಿ ಉಳಿದಿರುವುದೇ ಆಶ್ಚರ್ಯ. ಆ ಚಿತ್ರಕಾರ ಮತ್ತೆ ಇಟಲಿಯಲ್ಲಿ ನೆಲೆಸಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು. ಬಾವುಟಗುಡ್ಡದಿಂದ ಕದ್ರಿಗೆ ಬಂದರೆ, ಆಳುಪ ಅರಸನಾದ ಕುಂದವರ್ಮನು 968ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ವಿಗ್ರಹ ಮಂಜುನಾಥ ದೇವಾಲಯದಲ್ಲಿದೆ. ಮೇಲಿನ ಗುಡ್ಡದಲ್ಲಿ ಕೆರೆಗಳೂ, ದೆಲ್ಲಾ ವಾಲೆ ಕಂಡ ಜೋಗಿಗಳ ಪರಂಪರೆಯ ಮಠವೂ ಇವೆ.

ನಡುಹಗಲಿನ ಊಟವನ್ನು ಲಾಡ್ಜಿನ ಮೆನುವಿನಲ್ಲಿ ಹುಡುಕದಿರುವುದು ಲೇಸು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದು, ದಕ್ಕೆಯಲ್ಲಿ ಬಂಗುಡೆ, ಅಂಜಲ್, ಕಾಣೆಗಳು ಮತ್ತೆ ರಾಶಿಬೀಳುವ ಕಾಲಕ್ಕೇ ದಸರೆಯೂ ಬರುವುದರಿಂದ, ಬಂದರ್ ಪೇಟೆಯ ಇಕ್ಕಟ್ಟಾದ ಊಟದ ಹೋಟೆಲುಗಳ ಮುಂದೆ ಸರತಿ ನಿಂತು ಕುಚ್ಚಲಕ್ಕಿ ಅನ್ನ, ಬಂಗುಡೆಯ ಪುಳಿಮುಂಚಿಗಳನ್ನು ಉಣ್ಣಬಹುದು. ನವರಾತ್ರಿಗೆ ಮೀನು ಬಿಟ್ಟವರಿಗೂ ಕೊರತೆಯಿಲ್ಲ: ನೀರ್‌ದೋಸೆ, ಬನ್ಸ್, ಗೋಳಿಬಜೆ, ಮೂಡೆ, ಕೊನೆಗೆ 1975ರಿಂದ ಈ ಊರಿನ ನಾಲಗೆಯನ್ನಾಳುತ್ತಿರುವ ಐಡಿಯಲ್ ಐಸ್‌ಕ್ರೀಮು.

ಸಂಜೆಗೆ ಹೊಳೆ ದಾಟಬೇಕು. ಪಣಂಬೂರಿನ ಕಡಲತೀರಕ್ಕೆ ಬಸ್ಸಿನಲ್ಲಿಯೇ ಹೋಗಬಹುದಾದರೂ, ಬೋಳೂರಿನ ಸುಲ್ತಾನ್ ಬತ್ತೇರಿಯ ಕಡವಿನಲ್ಲಿ ದೋಣಿಯೇರಿ ತಣ್ಣೀರುಬಾವಿಗೆ ಇಳಿಯುವುದರ ಸ್ವಾರಸ್ಯವೇ ಬೇರೆ. ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲುಗೋಪುರವನ್ನು ಹಿಂದಿಕ್ಕಿ, ಫಲ್ಗುಣಿಯ ನೀರನ್ನು ಕೆಲವೇ ನಿಮಿಷಗಳಲ್ಲಿ ದಾಟಿ, ತೆಂಗಿನ ತೋಟಗಳ ನಡುವೆ ನಡೆದರೆ ಕಡಲು. ಹಳೆಯ ಬಂದರಿನಿಂದ ಬೆಂಗ್ರೆಗೂ ಇಂತಹದೇ ದೋಣಿಯುಂಟು; ಅದರಲ್ಲಿ ವಿಹಾರಿಗಳು ಕಡಮೆ, ಶಾಲೆ ಬಿಟ್ಟ ಮಕ್ಕಳೂ ಸಾಮಾನು ಕೊಂಡ ಗೃಹಿಣಿಯರೂ ಹೆಚ್ಚು. ನದಿಯೊಂದು ಇಂದಿಗೂ ಬೀದಿಯಾಗಿ ಬಳಕೆಯಲ್ಲಿರುವುದನ್ನು ಕಾಣಬೇಕೆಂಬವನು ಈ ಎರಡನೆಯದನ್ನು ಹತ್ತಲಿ.

ಮೆರವಣಿಗೆಯ ರಾತ್ರಿ

ದಸರೆಯ ದಿನಗಳಲ್ಲಿ ಈ ಲೆಕ್ಕಗಳೆಲ್ಲ ಸ್ವಲ್ಪ ಏರುಪೇರಾಗುವುವು. ಕುದ್ರೋಳಿಯಲ್ಲಿ ಶಾರದೆಯೊಡನೆ ನವದುರ್ಗೆಯರ ಮೂರ್ತಿಗಳನ್ನು ಕೂರಿಸಿ ಪೂಜಿಸಿ, ಕೊನೆಯ ರಾತ್ರಿ ಅವುಗಳನ್ನೆಲ್ಲ ಊರ ಬೀದಿಗಳಲ್ಲಿ ಮೆರೆಸುವ ಉತ್ಸವ, 1991ರ ಜೀರ್ಣೋದ್ಧಾರದ ಬಳಿಕ ಬಿ. ಜನಾರ್ದನ ಪೂಜಾರಿಯವರ ನೇತೃತ್ವದಲ್ಲಿ ಬೆಳೆದು, ಇಂದು ‘ಮಂಗಳೂರು ದಸರಾ’ ಎಂದೇ ಖ್ಯಾತವಾಗಿದೆ. ಮಂಗಳಾದೇವಿಯ ರಥ ಮಾರ್ನಮಿಕಟ್ಟೆಗೆ ಸಾಗುವುದೂ, ರಥಬೀದಿಯ ಶಾರದೋತ್ಸವವೂ ಈ ದಿನಗಳಲ್ಲಿಯೇ.

ಆ ರಾತ್ರಿ ಕುದ್ರೋಳಿಯಿಂದ ಹೊರಟ ಮೆರವಣಿಗೆ ಮಣ್ಣಗುಡ್ಡ, ಲೇಡಿಹಿಲ್, ಲಾಲ್‌ಬಾಗುಗಳನ್ನು ಸುತ್ತಿ, ಕೆ.ಎಸ್. ರಾವ್ ರಸ್ತೆಯಲ್ಲಿ ಇಳಿದು, ರಥಬೀದಿಯ ಮಾರ್ಗವಾಗಿ ಮರಳುವಷ್ಟರಲ್ಲಿ ಬೆಳಕು ಹರಿಯುವುದು. ಅಷ್ಟು ಹೊತ್ತೂ ನಡುಪೇಟೆಯಲ್ಲಿ ಬಸ್ಸಿಲ್ಲ, ಆಟೊ ಇಲ್ಲ, ಕಾರಿಗಂತೂ ದಾರಿಯೇ ಇಲ್ಲ. ಬಿಜೈಯ ಶಾಂತಿಯನ್ನೋ ಉಳ್ಳಾಲದ ತೆರೆಗಳನ್ನೋ ಬಯಸಿ ಹೋದವರು ಅಂದು ಮರಳುವ ಚಿಂತೆಯಲ್ಲಿಯೇ ಅರ್ಧ ಉತ್ಸವವನ್ನು ಕಳೆಯುವರು. ಹಂಪನಕಟ್ಟೆಯ ಸದ್ದಿನ ಲಾಡ್ಜಿನಲ್ಲಿ ತಂಗಿದವನಾದರೋ ಮೆಟ್ಟಿಲಿಳಿದರೆ ಹುಲಿಗಳ ನಡುವೆ, ದಣಿದರೆ ಮೆಟ್ಟಿಲು ಹತ್ತಿ ಹಾಸಿಗೆಯಲ್ಲಿ. ಆದರೆ ಆ ಭಾಗದ ಕೋಣೆಗಳು ವಾರಗಳ ಮುಂಚೆಯೇ ತುಂಬಿಹೋಗುವುದರಿಂದ ಕೊನೆಯ ಗಳಿಗೆಯ ಅದೃಷ್ಟವನ್ನು ನಂಬಬಾರದು.

ಎರಡನೆಯ ರಾತ್ರಿಯ ಪಕ್ಷವಾಗಿ

ಧರ್ಮಸ್ಥಳ, ಕಟೀಲು, ಉಡುಪಿ, ಕೊಲ್ಲೂರುಗಳ ಯಾತ್ರೆಗೆ ಹೊರಟವರು ಮಂಗಳೂರಿನಲ್ಲಿ ಒಂದು ರಾತ್ರಿ ಮಲಗಿ, ಬೆಳಗ್ಗೆದ್ದು ಟ್ಯಾಕ್ಸಿ ಹಿಡಿದು ನಾಲ್ಕು ಸ್ಥಳಗಳನ್ನು ಓಡೋಡಿ ನೋಡಿ, ಊರಿನಲ್ಲಿ ನೋಡುವಂತಹದು ವಿಶೇಷವೇನೂ ಇಲ್ಲವೆಂದು ತೀರ್ಪಿತ್ತು ಹೋಗುವುದುಂಟು. ಅವರ ಮಾತು ಅವರ ಮಟ್ಟಿಗೆ ಸುಳ್ಳಲ್ಲ. ನೋಡುವವರಿಗಾಗಿ ಸಜ್ಜುಗೊಂಡ ಊರುಗಳಲ್ಲಿ ಎಲ್ಲವೂ ಒಂದೆಡೆ ಕಲೆತು, ಟಿಕೇಟು ಕೊಂಡವನ ಮುಂದೆ ನಿಲ್ಲುವುದು. ಇಲ್ಲಿ ಅವು ಆಸ್ಪತ್ರೆ, ಕಾಲೇಜು, ಗೋದಾಮು, ಕಡವುಗಳ ನಡುವೆ, ದಿನದ ಕೆಲಸದೊಡನೆ ಬೆರೆತು ಹೋಗಿವೆ. ಕೆಲಸದವರ ವೇಳೆಗೆ ಎದ್ದು, ಅವರ ಬಸ್ಸಿನಲ್ಲಿ ಓಡಾಡಿ, ಅವರ ಪಂಕ್ತಿಯಲ್ಲಿ ಉಂಡವನಿಗೆ ಮಾತ್ರ ಅವು ಬಿಡಿಬಿಡಿಯಾಗಿ ಕಾಣಿಸುವುವು.

ಅದಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ದಿನವಿಡೀ ಕಾರು ಗೊತ್ತುಮಾಡುವ ಬಾಡಿಗೆಯನ್ನು ಉಳಿಸಿ, ಅದನ್ನೇ ಇನ್ನೊಂದು ರಾತ್ರಿಯ ಕೋಣೆಗೆ ಕೊಟ್ಟರೆ ಆಯಿತು. ಬೆನ್ ಯಿಜುವಿನಂತೆ ಹದಿನೇಳು ವರ್ಷ ನಿಲ್ಲಲು ರಜೆ ಯಾರಿಗೂ ಸಿಗಲಾರದು. ಎರಡನೆಯ ರಾತ್ರಿಯನ್ನಾದರೂ ಈ ಊರಿಗೆ ಕೊಟ್ಟವರು, ಮೊದಲ ದಿನದ ತೀರ್ಪನ್ನು ತಾವೇ ತಿದ್ದಿಕೊಳ್ಳುವರು.